ಕುತ್ತಿಗೆ ನೋಡಿ ಬಾಗಿಲು ತೆರೆಯುವ ನೋಣಯ್ಯ

ನೋಣಯ್ಯ ಯಾರನ್ನೂ ನಂಬುತ್ತಿರಲಿಲ್ಲ. ಬಿ.ಸಿ.ರೋಡಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಪೆಟ್ರೋಲು ಹಾಕಿಸುವಾಗ ಕೆಳಗಿಳಿದು ಮೂಸಿ ನೋಡುತ್ತಿದ್ದ. ಹೋಟೆಲಿನಲ್ಲಿ ಗೋಳಿಬಜೆ ತಂದಿಟ್ಟರೆ ಒಂದೊಂದನ್ನೂ ಮುರಿದು, ಒಳಗೆ ಇಣುಕಿ, ಆಮೇಲೆ ಬಾಯಿಗೆ ಹಾಕುತ್ತಿದ್ದ. "ಇವತ್ತು ಮಳೆ ಬರ್ತದೆ ನೋಣಯ್ಯಣ್ಣ" ಎಂದು ಯಾರಾದರೂ ಅಂದರೆ ಆಕಾಶ ನೋಡುವ ಬದಲು ಅಂದವನ ಮುಖ ನೋಡುತ್ತಿದ್ದ, ಇದರಲ್ಲಿ ಇವನಿಗೇನು ಲಾಭ ಎಂಬಂತೆ. ಬೆನ್ನ ಹಿಂದೆ ಅವನಿಗೆ 'ಸಂಶಯದ ನೋಣಯ್ಯ' ಎಂದೇ ಹೆಸರು. ಆ ಹೆಸರು ಅವನಿಗೂ ಗೊತ್ತಿತ್ತು. ಇಟ್ಟವರು ಯಾರೆಂಬುದೂ ಗೊತ್ತಿತ್ತು.

ಇವೆಲ್ಲ ಹೋಗಲಿ ಎನ್ನಬಹುದು. ಆದರೆ ಅವನ ಅಂಬಾಸಿಡರ್ ಕಾರು ಹತ್ತುವುದು ಮಾತ್ರ ಸುಲಭದ ಕೆಲಸವಾಗಿರಲಿಲ್ಲ. ಗಿರಾಕಿ ಬಂದು ನಿಂತರೆ ನೋಣಯ್ಯ ಬಾಗಿಲಿನ ಹಿಡಿ ಹಿಡಿದುಕೊಳ್ಳುತ್ತಿದ್ದ, ತೆರೆಯುತ್ತಿರಲಿಲ್ಲ. ಮೊದಲು ಕುತ್ತಿಗೆ ನೋಡಬೇಕು. ಆಮೇಲೆ ಕಿವಿಯ ಹಿಂದೆ, ಮುಂಗೈ. ಮಕ್ಕಳಿದ್ದರೆ ಅಂಗಿ ಎತ್ತಿ ಹೊಟ್ಟೆ. ಎಲ್ಲ ಸರಿ ಇದೆ ಎಂದು ಮನಸ್ಸಿಗೆ ಬಂದ ಮೇಲೆಯೇ ಬಾಗಿಲು. "ಎಂತ ನೋಡುವುದು ಮಾರಾಯ, ನಾನೇನು ಹೋರಿಯಾ?" ಎಂದು ಒಬ್ಬರು ರೇಗಿದ್ದಕ್ಕೆ, "ಹೋರಿ ಆದ್ರೆ ಹಲ್ಲು ನೋಡ್ತಿದ್ದೆ" ಎಂದಿದ್ದ.

ಇದು ಹುಟ್ಟುಗುಣವಲ್ಲ. ಎಪ್ಪತ್ತೊಂದರ ಬೇಸಗೆಯಲ್ಲಿ ಮೂಡಬಿದಿರೆಯಿಂದ ಬೆಳ್ತಂಗಡಿಗೆ ಒಂದು ಮದುವೆ ದಿಬ್ಬಣ ಕರೆದುಕೊಂಡು ಹೋಗಿದ್ದ. ಹಿಂದಿನ ಸೀಟಿನಲ್ಲಿ ಬೆಡ್‌ಶೀಟು ಸುತ್ತಿ ಮಲಗಿಸಿದ ಒಂದು ಮಗು. "ಉಷ್ಣದ ಜ್ವರ" ಅಂದರು. ನೋಣಯ್ಯ ನಂಬಿದ. ಆಗ ಅವನು ನಂಬುವ ಮನುಷ್ಯನೇ ಆಗಿದ್ದ. ಇಳಿಯುವ ಗಡಿಬಿಡಿಯಲ್ಲಿ ಅವರು ಬೆಡ್‌ಶೀಟನ್ನು ಕಾರಿನಲ್ಲೇ ಬಿಟ್ಟು ಹೋದರು. ಪಾಪ, ಒಳ್ಳೆಯ ಬೆಡ್‌ಶೀಟು, ವಾಪಸು ಕೊಡಬೇಕು ಎಂದು ನೋಣಯ್ಯನ ಹೆಂಡತಿ ರಾಜೀವಿ ಬಾವಿಕಟ್ಟೆಯಲ್ಲಿ ಒಗೆದು ಒಣಹಾಕಿದಳು. ರಾಜೀವಿಗೆ ಆಗ ಎರಡನೆಯದು ಹೊಟ್ಟೆಯಲ್ಲಿತ್ತು.

ಎರಡು ವಾರ ಕಳೆದು ಅವಳಿಗೆ ಜ್ವರ ಬಂತು, ಮೈತುಂಬ ಗುಳ್ಳೆ ಎದ್ದಿತು. ಸೀತಾಳಸಿಡುಬು. ಊರಲ್ಲಿ 'ಅಮ್ಮ' ಎನ್ನುತ್ತಾರೆ, ಕಹಿಬೇವು ಕಟ್ಟಿ ಮಲಗಿದರೆ ತಾನಾಗಿ ಹೋಗುತ್ತದೆ ಎನ್ನುತ್ತಾರೆ. ಎಲ್ಲರ ಮನೆಯಿಂದ ತಾನಾಗಿ ಹೋಗುವ ಅಮ್ಮ ಇವನ ಮನೆಯಿಂದ ಹೋಗುವಾಗ ರಾಜೀವಿಯನ್ನೂ ಹೊಟ್ಟೆಯಲ್ಲಿದ್ದುದನ್ನೂ ಕರೆದುಕೊಂಡು ಹೋಯಿತು. ನೋಣಯ್ಯನಿಗೆ ಏನೂ ಆಗಲಿಲ್ಲ. ಅವನಿಗೆ ಚಿಕ್ಕಂದಿನಲ್ಲೇ ಬಂದು ಹೋಗಿತ್ತು, ಹಣೆಯ ಮೇಲೆ ಅದರ ಕುಳಿಗಳಿದ್ದವು. ಆಗ ಅಜ್ಜಿಮನೆಯಲ್ಲಿದ್ದು ರೋಗ ತಾಗದೆ ಉಳಿದ ಒಂಬತ್ತು ವರ್ಷದ ಮಗಳು ಕಾಂತಿಯನ್ನು ಎದುರು ಕೂರಿಸಿಕೊಂಡು ಅವನು ಆ ಕುಳಿಗಳನ್ನು ಉಜ್ಜಿಕೊಳ್ಳುತ್ತ ಕೂತುಬಿಟ್ಟ.

ಅಮ್ಮ ಬಂದು ಸಾವಾದ ಮನೆಗೆ ಯಾರು ಬರುತ್ತಾರೆ? ನೆಂಟರು ಗೇಟಿನ ಹೊರಗಿನಿಂದ ಮಾತಾಡಿಸಿ ಹೋದರು. ಬಂದವರು ಒಬ್ಬರೇ, ಕಾಂತಿಯ ಶಾಲೆಯ ನಾರಾಯಣಮೂರ್ತಿ ಮಾಷ್ಟ್ರು. ಬಂಟ್ವಾಳ ಪೇಟೆಯಿಂದ ಕೊಡೆ ಹಿಡಿದುಕೊಂಡು ನಡೆದು ಬಂದವರು ನೇರ ಜಗಲಿ ಹತ್ತಿದರು, ಕಾಂತಿಯನ್ನು ಪಕ್ಕಕ್ಕೆ ಎಳೆದುಕೊಂಡರು. "ರೋಗಕ್ಕೆ ಹೆದರಿದರೆ ನಾನು ಮಕ್ಕಳಿಗೆ ಏನು ಪಾಠ ಹೇಳುವುದು ನೋಣಯ್ಯ?" ಎಂದರು. ಮರುದಿನದಿಂದ ಅವಳ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದರು. ಅಲ್ಲಿಂದ ಮುಂದೆ ಈ ಲೋಕದಲ್ಲಿ ನೋಣಯ್ಯ ನಂಬಿದ್ದು ಇಬ್ಬರನ್ನು, ಕಾಂತಿಯನ್ನು ಮತ್ತು ಮಾಷ್ಟ್ರನ್ನು.

ಎಂಬತ್ತಮೂರರ ಏಪ್ರಿಲ್ ಬಂತು. ಕಾಂತಿ ಚೊಚ್ಚಲ ಹೆರಿಗೆಗೆ ಅಪ್ಪನ ಮನೆಗೆ ಬಂದಿದ್ದಳು, ಎಂಟನೆಯ ತಿಂಗಳು ನಡೆಯುತ್ತಿತ್ತು. ಬಾಣಂತನಕ್ಕೆಂದು ನೋಣಯ್ಯನ ಅಕ್ಕ ಬಂದು ನಿಂತಿದ್ದಳು. ನೋಣಯ್ಯನ ಸಂಶಯ ಆಗ ಇಮ್ಮಡಿಯಾಯಿತು. ಹಾಲು ತರುವವಳು ಕೆಮ್ಮಿದರೆ ಹಾಲು ಚೆಲ್ಲಿಸಿದ. ಬಳೆ ಮಾರುವವಳನ್ನು ಗೇಟಿನಿಂದಲೇ ಓಡಿಸಿದ. ಸಂಜೆ ಸೀಟುಗಳನ್ನೆಲ್ಲ ಫಿನಾಯಿಲ್ ಹಾಕಿ ಒರೆಸಿ, ಬಾವಿಕಟ್ಟೆಯಲ್ಲಿ ಮಿಂದು, ಒದ್ದೆ ಮೈಯಲ್ಲೇ ಒಳಗೆ ಬರುತ್ತಿದ್ದ. "ಅಪ್ಪ, ನಿಮ್ಮ ಫಿನಾಯಿಲ್ ವಾಸನೆಗೇ ನನಗೆ ವಾಂತಿ ಬರ್ತದೆ" ಎಂದು ಕಾಂತಿ ನಗುತ್ತಿದ್ದಳು. "ಬರ್ಲಿ, ವಾಂತಿಯಿಂದ ಯಾರೂ ಸತ್ತಿಲ್ಲ" ಎನ್ನುತ್ತಿದ್ದ.

ಆ ದಿನಗಳಲ್ಲಿ ಅವನಿಗೆ ಹೆಚ್ಚಿನ ಬಾಡಿಗೆ ಬಜ್ಪೆ ವಿಮಾನ ನಿಲ್ದಾಣದ್ದು. ಫರಂಗಿಪೇಟೆ ಕಡೆಯ ಹುಡುಗರು ಬೊಂಬಾಯಿಗೆ ಹಾರಿ, ಅಲ್ಲಿಂದ ಗಲ್ಫಿಗೆ ಹೋಗುತ್ತಿದ್ದರು. ಆ ವಾರ ಫರಂಗಿಪೇಟೆಯ ಅಬ್ದುಲ್ ಹಕೀಮನ ಬಾಡಿಗೆ ಇತ್ತು. ಎರಡು ತಿಂಗಳ ರಜೆಯಲ್ಲಿ ಬಂದವನು ದುಬೈಗೆ ವಾಪಸು ಹೊರಟಿದ್ದ. ಅಷ್ಟರಲ್ಲಿ ನಾರಾಯಣಮೂರ್ತಿ ಮಾಷ್ಟ್ರು ಸ್ಟ್ಯಾಂಡಿಗೆ ಬಂದರು. ಬೊಂಬಾಯಿಯಲ್ಲಿ ಕೆಲಸದಲ್ಲಿದ್ದ ಅವರ ಒಬ್ಬನೇ ಮಗನಿಗೆ ಮದುವೆ. ಮಾಷ್ಟ್ರ ಹೆಂಡತಿ ಪರಮೇಶ್ವರಮ್ಮ ತಯಾರಿಗೆಂದು ಮೊದಲೇ ಬಸ್ಸಿನಲ್ಲಿ ಹೋಗಿದ್ದರು. ಅಪ್ಪನಿಗೆ ಮಗ ವಿಮಾನದ ಟಿಕೇಟು ಕಳುಹಿಸಿದ್ದ. ವಿಮಾನವೂ ಹಕೀಮ ಹೋಗುವುದೇ.

"ನಿನ್ನ ಕಾರಿನಲ್ಲಿ ನನಗೂ ಒಂದು ಸ್ಥಳ ಉಂಟಾ ನೋಣಯ್ಯ?" ಎಂದು ಕೇಳಿದರು.

ಹಕೀಮನನ್ನು ವಿಚಾರಿಸಿದ್ದಕ್ಕೆ, "ಮಾಷ್ಟ್ರಾದ್ರೆ ಕೇಳುವುದೆಂತ ನೋಣಯ್ಯಣ್ಣ? ಮುಂದಿನ ಸೀಟಿನಲ್ಲೇ ಕೂರಿಸಿ" ಎಂದ.

ಹೊರಡುವ ದಿನ ಮಾಷ್ಟ್ರು ನೋಣಯ್ಯನ ಮನೆಗೇ ಬಂದರು. ಸೆಕೆ ಎಂದರೆ ಸೆಕೆ. ಅಂಥದ್ದರಲ್ಲಿ ಉದ್ದ ತೋಳಿನ ಅಂಗಿ, ಕುತ್ತಿಗೆಗೆ ಶಾಲು. ಕಾಂತಿ ಬೆಲ್ಲ ನೀರು ಹಿಡಿದುಕೊಂಡು ಹೊಟ್ಟೆ ಮುಂದೆ ಮಾಡಿ ಖುಷಿಯಲ್ಲಿ ಅಂಗಳಕ್ಕೆ ಇಳಿದಳು. ಮಾಷ್ಟ್ರು ಎರಡು ಹೆಜ್ಜೆ ಹಿಂದೆ ಸರಿದು ಗೇಟಿಗೆ ಬೆನ್ನು ಕೊಟ್ಟು ನಿಂತರು.

"ಅಲ್ಲಿಯೇ ಇಡು ಮಗಾ. ನನಗೆ ಶೀತ ಆಗಿದೆ. ಹತ್ತಿರ ಬರಬೇಡ."

"ಕಾಲಿಗಾದ್ರೂ ಬೀಳ್ತೇನೆ ಮಾಷ್ಟ್ರೇ..."

"ಬೇಡ, ಬೇಡ! ಅಲ್ಲಿಂದಲೇ ಆಯಿತು. ಒಳ್ಳೆಯದಾಗಲಿ." ದೂರದಿಂದಲೇ ಕೈ ಎತ್ತಿ ಹರಸಿದರು. ಬೆಲ್ಲ ನೀರು ಮುಟ್ಟಲಿಲ್ಲ.

ನೋಣಯ್ಯನಿಗೆ ಕಣ್ಣು ತುಂಬಿ ಬಂತು. ನೋಡಿ, ಬಸುರಿಗೆ ಒಂದು ಶೀತವೂ ತಾಗಬಾರದು ಎಂದು ಎಷ್ಟು ಕಾಳಜಿ! ಲೋಕದಲ್ಲಿ ಎಲ್ಲರೂ ಹೀಗಿದ್ದರೆ ತನಗೆ ಯಾರದಾದರೂ ಕುತ್ತಿಗೆ ನೋಡುವ ಕರ್ಮ ಯಾಕೆ? ಕುತ್ತಿಗೆ ನೋಡದೆಯೇ ಅವರಿಗೆ ಬಾಗಿಲು ತೆರೆದ. ಮಾಷ್ಟ್ರು ಮುಂದಿನ ಸೀಟಿನಲ್ಲಿ ಕಿಟಕಿಗೆ ಒತ್ತಿಕೊಂಡು, ಮುಖ ಹೊರಗೆ ಮಾಡಿ ಕೂತರು.

ಫರಂಗಿಪೇಟೆಯಲ್ಲಿ ಹಕೀಮನ ಮನೆ ಮುಂದೆ ಕಾರು ನಿಂತಾಗಲೇ ನೋಣಯ್ಯನ ಮೂಗು ಚುರುಕಾಯಿತು. ಗಲ್ಫಿಗೆ ಹೋಗುವವನ ಜೊತೆ ಬಜ್ಪೆಗೆ ಒಂದು ಜೀಪು ಜನ ಹೋಗುವುದು ಕ್ರಮ. ಅಪ್ಪಿ ಹಿಡಿದು ಅಳುವವರು, ಉಪ್ಪಿನಕಾಯಿ ಭರಣಿ ಕೊಡುವವರು, ಇನ್ಯಾರದೋ ಮಗನಿಗೆ ಒಣಮೀನಿನ ಕಟ್ಟು ಕಳುಹಿಸುವವರು. ಇಲ್ಲಿ ಜೀಪಿಲ್ಲ, ಜನವಿಲ್ಲ. ಹಕೀಮನ ತಮ್ಮ ಉಮ್ಮರ್ ಒಬ್ಬನೇ ಪೆಟ್ಟಿಗೆ ಹೊತ್ತು ತಂದಿಟ್ಟ. ಹಿತ್ತಿಲಲ್ಲಿ ದೊಡ್ಡ ಹಂಡೆ, ಅದರ ಬಳಿ ಒಂದು ಹೊರೆ ಕಹಿಬೇವಿನ ಸೊಪ್ಪು. ಹಕೀಮ ಬಹಳ ಹೊತ್ತಿನ ಮೇಲೆ ಹೊರಗೆ ಬಂದ. ಅವನದೂ ಉದ್ದ ತೋಳು. ಕೊರಳವರೆಗೆ ಗುಂಡಿ, ಕಣ್ಣಿಗೆ ಕಪ್ಪು ಕೂಲಿಂಗ್ ಗ್ಲಾಸು, ತಲೆಗೆ ಕಿವಿ ಮುಚ್ಚುವ ಹಾಗೆ ಟವೆಲು. ನೋಣಯ್ಯ ಬಾಗಿಲು ಹಿಡಿದು ಕುತ್ತಿಗೆ ಹುಡುಕುವಷ್ಟರಲ್ಲಿ ಅವನು ಆಚೆ ಬಾಗಿಲು ತೆರೆದು ಹತ್ತಿಯೇ ಬಿಟ್ಟ.

ಕಾರು ಹೊರಟಿತು. ಅತ್ತರಿನ ಘಮ ಕಾರು ತುಂಬಿತು. ಪಡೀಲು ದಾಟಿ ವಾಮಂಜೂರು ಬರುವ ಹೊತ್ತಿಗೆ ಅತ್ತರು ಇಳಿದು ಅದರ ಅಡಿಯಿಂದ ಬೇರೆ ವಾಸನೆ ಎದ್ದಿತು. ಅರಸಿನ. ಕಹಿಬೇವು. ಆ ವಾಸನೆ ನೋಣಯ್ಯನಿಗೆ ಹೊಸತಲ್ಲ, ಹನ್ನೆರಡು ವರ್ಷ ಮೂಗಿನಿಂದ ಹೋಗದ ವಾಸನೆ ಅದು. ರಾಜೀವಿ ಮಲಗಿದ್ದ ಕೋಣೆ ಹೀಗೇ ನಾರುತ್ತಿತ್ತು. ಕನ್ನಡಿಯಲ್ಲಿ ಹಿಂದೆ ನೋಡಿದ. ಹಕೀಮ ಗ್ಲಾಸಿನ ಅಡಿಯಲ್ಲಿ ಕರವಸ್ತ್ರ ತೂರಿಸಿ ಕಣ್ಣು ಒತ್ತಿಕೊಳ್ಳುತ್ತಿದ್ದ. ಜ್ವರ ಬಂದವರ ಕಣ್ಣಿನಲ್ಲಿ ನೀರು ಇಳಿಯುತ್ತದೆ. ಮನೆಯವರೂ ಹತ್ತಿರ ಬರಲಿಲ್ಲ ಎಂದರೆ ಇನ್ನೇನು ಬೇಕು ಸಾಕ್ಷಿ?

"ಎಂತ ಹಕೀಮ, ಹುಷಾರಿಲ್ವಾ?"

"ಹುಷಾರುಂಟು ನೋಣಯ್ಯಣ್ಣ."

"ಟವೆಲು ತೆಗಿ, ಸೆಕೆ ಆಗ್ತದೆ."

"ಇರ್ಲಿ."

ಗುರುಪುರದ ಸೇತುವೆ ದಾಟಿತು. ಕೈಕಂಬದ ಹತ್ತಿರ ನೋಣಯ್ಯ ಕಾರನ್ನು ರಸ್ತೆಯ ಬದಿಗೆ ಹಾಕಿ, ಇಳಿದು, ಹಿಂದಿನ ಬಾಗಿಲು ತೆರೆದ.

"ಇಳಿ."

"ಎಂತಾಯ್ತು? ಟಯರು ಹೋಯ್ತಾ?"

"ಟಯರು ಸರಿ ಉಂಟು. ನೀನು ಅಂಗಿ ಬಿಚ್ಚು."

ಹಕೀಮ ನಗುವುದೋ ಬೇಡವೋ ತಿಳಿಯದೆ ಕೆಳಗಿಳಿದ. ನೋಣಯ್ಯನ ಸ್ವರ ಏರಿತು. "ನನ್ನ ಮನೆಯಲ್ಲಿ ಬಸುರಿ ಮಗಳಿದ್ದಾಳೆ ಹಕೀಮ. ಈ ಕಾರು ಸಂಜೆಗೆ ಅವಳ ಅಂಗಳಕ್ಕೆ ಹೋಗ್ಬೇಕು. ನಿನ್ನ ಮೈ ಕಹಿಬೇವು ನಾರ್ತಾ ಉಂಟು. ನನ್ನ ಹೆಂಡತಿ ಹೇಗೆ ಸತ್ತದ್ದು ಅಂತ ನಿನಗೂ ಗೊತ್ತುಂಟು. ಅಮ್ಮ ಬಿದ್ದದ್ದನ್ನು ಮುಚ್ಚಿಟ್ಟುಕೊಂಡು ಹೊರಟದ್ದಾ? ನಾನೊಬ್ಬನಾದ್ರೆ ಹೋಗ್ಲಿ. ಆ ವಿಮಾನಕ್ಕೆ ತೆರೀಲಿಕ್ಕೆ ಒಂದು ಕಿಟಕಿಯೂ ಇಲ್ಲವಂತೆ. ಒಬ್ಬ ಉಸಿರು ಬಿಟ್ಟದ್ದನ್ನು ಇನ್ನೊಬ್ಬ ಎಳೆದುಕೊಳ್ಬೇಕು. ಅದರಲ್ಲಿ ಒಬ್ಬಳು ಬಸುರಿ ಇದ್ರೆ? ಒಂದು ಹಸುಗೂಸು ಇದ್ರೆ? ಅದರ ಪಾಪ ಯಾರಿಗೆ?" ಮುಂದಿನ ಕಿಟಕಿಗೆ ತಿರುಗಿದ. "ಮಾಷ್ಟ್ರೇ, ನೀವೇ ಹೇಳಿ. ಮೈಮೇಲೆ ಅಮ್ಮ ಇಟ್ಟುಕೊಂಡವನು ವಿಮಾನ ಹತ್ತಬಹುದಾ?"

ಮಾಷ್ಟ್ರು ಎದುರಿನ ಗಾಜನ್ನೇ ನೋಡುತ್ತ ಕೂತಿದ್ದರು. ಶಾಲಿನ ತುದಿ ಹಿಡಿದ ಕೈ ಅಲ್ಲಾಡಲಿಲ್ಲ. ಪಾಠದ ಕನ್ನಡದಲ್ಲಿ ಅಂದರು, "ಹತ್ತಬಾರದು."

"ಕೇಳಿದ್ಯಾ? ಮಾಷ್ಟ್ರೇ ಹೇಳಿದ್ರು!"

ಹಕೀಮ ಟವೆಲು ತೆಗೆದ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ, ಅಂಗಿ ಕಳಚಿ ಕಾರಿನ ಮೇಲೆ ಹಾಕಿದ. ಮೂಡಬಿದಿರೆ ಕಡೆಯಿಂದ ಬಂದ ಬಸ್ಸೊಂದು ನಿಧಾನ ಮಾಡಿತು. ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಫರಂಗಿಪೇಟೆಯವನೇ, ಕುತ್ತಿಗೆ ಉದ್ದ ಮಾಡಿ ನೋಡಿದ.

"ಪ್ಯಾಂಟೂ ಬಿಚ್ಚಬೇಕಾ ನೋಣಯ್ಯಣ್ಣ? ಬಸ್ಸಿನವರು ಇನ್ನೂ ನೋಡ್ತಾ ಇದ್ದಾರೆ."

ಬೆನ್ನು, ಕಂಕುಳು, ಕುತ್ತಿಗೆ, ಕಿವಿಯ ಹಿಂದೆ, ಎಲ್ಲಿಯೂ ಒಂದು ಗುಳ್ಳೆ ಇರಲಿಲ್ಲ. ಎದೆಯ ಮೇಲೆ ಮಾತ್ರ ಅರಸಿನದ ದೊಡ್ಡ ಕಲೆ.

"ನನ್ನ ಹೆಂಡತಿ ಜುಲೈಕಾ ಹೆತ್ತು ಎರಡು ವಾರ ಆಗ್ಲಿಲ್ಲ" ಎಂದ ಹಕೀಮ. "ಬೆಳಗ್ಗೆ ನೆರೆಮನೆಯ ಆಸ್ಯಮ್ಮ ಕಹಿಬೇವಿನ ನೀರಿನಲ್ಲಿ ಮಗುವನ್ನು ಮೀಯಿಸಿ, ಅರಸಿನ ಹಚ್ಚಿ, ಸೀದಾ ನನ್ನ ಎದೆ ಮೇಲೆ ಹಾಕಿದ್ರು. ಹೊರಡುವವರೆಗೂ ನಾನು ಇಳಿಸಲಿಲ್ಲ. ಇನ್ನು ಎರಡು ವರ್ಷ ಇಲ್ಲ ಅಲ್ವಾ? ನಾನು ಬರುವಾಗ ಅದು ನಡೀತಾ ಇರ್ತದೆ, ಯಾರಿವನು ಅಂತ ಕೇಳ್ತದೆ." ಕೂಲಿಂಗ್ ಗ್ಲಾಸು ತೆಗೆದ. ಅತ್ತು ಅತ್ತು ಬಾತುಹೋದ ಕಣ್ಣು. "ಯಾರೂ ಬಜ್ಪೆಗೆ ಬರುವುದು ಬೇಡ ಅಂದದ್ದು ನಾನೇ. ಅಲ್ಲಿ ಎಲ್ಲರೆದುರು ಅಳ್ಲಿಕ್ಕೆ ನಾಚಿಕೆ ಆಗ್ತದೆ. ಈ ಟವೆಲೂ ಮುಖ ಕಾಣದಿರ್ಲಿ ಅಂತಲೇ."

ನೋಣಯ್ಯ ಕಾರಿನ ಮೇಲಿದ್ದ ಅಂಗಿ ತೆಗೆದು, ಧೂಳು ಕೊಡವಿ, ತೊಡಿಸುವವನಂತೆ ಹಿಡಿದ. ಮಾಷ್ಟ್ರು ಮುಂದಿನಿಂದ ಮೆಲ್ಲಗೆ, "ಹೋಗುವ ನೋಣಯ್ಯ, ತಡವಾಗ್ತದೆ" ಎಂದರು.

ಬಜ್ಪೆಯಲ್ಲಿ ಇಳಿದಾಗ ಹಕೀಮನೇ ಮಾಷ್ಟ್ರ ಕೈಚೀಲ ತೆಗೆದುಕೊಂಡ. "ನಿಮಗೆ ಮೊದಲ ಸಲ ಅಲ್ವಾ ಮಾಷ್ಟ್ರೇ, ನನ್ನ ಹತ್ತಿರವೇ ಕೂತ್ಕೊಳ್ಳಿ. ಬೆಲ್ಟು ಕಟ್ಟುವುದು ನಾನು ತೋರಿಸ್ತೇನೆ." ನಾಲ್ಕು ಹೆಜ್ಜೆ ಹೋದವನು ತಿರುಗಿ ನೋಣಯ್ಯನಿಗೆ ಹೇಳಿದ, "ಬೇಜಾರು ಮಾಡ್ಬೇಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಬಿಚ್ಚಿಸ್ತಿದ್ದೆ. ಕಾಂತಿಗೆ ಒಳ್ಳೆದಾಗ್ಲಿ." ನೋಣಯ್ಯ ಮಾಷ್ಟ್ರ ಕಾಲು ಮುಟ್ಟಲು ಬಗ್ಗಿದ. ಅವರು ಬೆಂಕಿ ತಾಗಿದವರ ಹಾಗೆ ಹಿಂದೆ ಹಾರಿ, ಅಂಗಿಯ ಕಾಲರು ಎತ್ತಿ ಹಿಡಿದುಕೊಂಡು, ತಿರುಗಿ ನೋಡದೆ ಒಳಗೆ ಹೋದರು.

ವಾಪಸು ಬರುವಾಗ ನೋಣಯ್ಯ ತನ್ನನ್ನು ತಾನೇ ಬೈದುಕೊಳ್ಳುತ್ತ ಬಂದ. ಥೂ, ಎಂಥ ಮನುಷ್ಯ ನಾನು! ಹಸುಗೂಸನ್ನು ಅಪ್ಪಿದ ಎದೆಯನ್ನು ರಸ್ತೆಯಲ್ಲಿ ಬಿಚ್ಚಿಸಿದೆನಲ್ಲ! ಹೀಗೆ ಬೈದುಕೊಳ್ಳುತ್ತಲೇ ಒಂದು ವಿಷಯ ಅವನ ಮೂಗಿಗೆ ಬಂತು. ಹಕೀಮ ಇಳಿದು ಹೋಗಿದ್ದ. ಎಲ್ಲ ಕಿಟಕಿ ತೆರೆದೇ ಇದ್ದವು, ಗಾಳಿ ಬೀಸುತ್ತಿತ್ತು. ಕಹಿಬೇವಿನ ವಾಸನೆ ಮಾತ್ರ ಹೋಗಿರಲಿಲ್ಲ.

ಗುರುಪುರದಲ್ಲಿ ಸೇತುವೆಗೆ ಮೊದಲೇ ಕಾರು ನಿಲ್ಲಿಸಿದ. ಹಿಂದಿನ ಸೀಟು ಮೂಸಿದ. ಅಲ್ಲಿ ಅತ್ತರು, ಸ್ವಲ್ಪ ಅರಸಿನ. ಮುಂದೆ ಬಂದ. ಎಡಬದಿಯ ಸೀಟಿಗೂ ಬಾಗಿಲಿಗೂ ನಡುವೆ ಮಾಷ್ಟ್ರ ಶಾಲು ಜಾರಿ ಬಿದ್ದಿತ್ತು. ಎತ್ತಿದ. ಮಡಿಕೆಯಿಂದ ಬಾಡಿದ ಕಹಿಬೇವಿನ ಎಲೆಗಳು ಉದುರಿದವು. ಕುತ್ತಿಗೆಗೆ ತಾಗುವ ಕಡೆ ಎರಡು ಮೂರು ಕಡೆ ಒದ್ದೆ, ಗುಳ್ಳೆ ಒಡೆದು ಅಂಟಿದ ಒದ್ದೆ. ನೋಣಯ್ಯನಿಗೆ ಅಂಗಳದಲ್ಲಿ ಮಾಷ್ಟ್ರು ಹಿಂದೆ ಸರಿದದ್ದು ನೆನಪಾಯಿತು. ಮುಟ್ಟದೆ ಬಿಟ್ಟ ಬೆಲ್ಲ ನೀರು, ದೂರದ ಆಶೀರ್ವಾದ, 'ಹತ್ತಬಾರದು' ಎಂದ ಸ್ವರ, ಒಂದರ ಹಿಂದೊಂದು ನೆನಪಾದವು. ಗೊತ್ತಿತ್ತು ಅವರಿಗೆ. ಎಲ್ಲ ಗೊತ್ತಿತ್ತು. ಪರಿಚಯದ ಕಾಂತಿಯಿಂದ ದೂರ ನಿಂತರು, ಪರಿಚಯವಿಲ್ಲದವರ ನಡುವೆ ಹೋಗಿ ಕೂತರು.

ಕಾರು ತಿರುಗಿಸಬೇಕು ಎನ್ನುವಷ್ಟರಲ್ಲಿ ಬಜ್ಪೆ ಗುಡ್ಡದ ಮೇಲಿನಿಂದ ವಿಮಾನ ಎದ್ದಿತು. ಅದು ಮೋಡದಲ್ಲಿ ಮರೆಯಾಗುವವರೆಗೂ ನೋಣಯ್ಯ ಶಾಲನ್ನು ಕೋಲಿನ ತುದಿಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಹೊಳೆಯ ದಂಡೆಗೆ ಇಳಿದು ಅದನ್ನು ಸುಟ್ಟ.

ಅವನು ಮನೆಗೆ ಹೋಗಲಿಲ್ಲ. ಗೇಟಿನ ಹೊರಗಿನಿಂದ ಅಕ್ಕನನ್ನು ಕರೆದು, ಕೆಲಸ ಜಾಸ್ತಿ ಉಂಟು, ಬರುವುದಿಲ್ಲ ಎಂದ. ಟಯರು ಅಂಗಡಿಯ ಶೆಡ್ಡಿನಲ್ಲಿ ಮಲಗಿದ, ದಿನಾ ಸೀಟು ತೊಳೆದ. ದಿನಾ ಬೆಳಗ್ಗೆ ಗೇಟಿನಲ್ಲಿ ನಿಂತು, "ಜ್ವರ ಉಂಟಾ? ಮೈ ಕೈ ತುರಿಸ್ತದಾ?" ಎಂದು ಕಾಂತಿಯನ್ನು ಕೂಗಿ ಕೇಳಿದ. ವಾರಗಳು ದಾಟಿದವು, ಅವಳಿಗೆ ಏನೂ ಆಗಲಿಲ್ಲ. ಗಂಡುಮಗು ಹುಟ್ಟಿತು. ಅಂದು ಆ ಕಲ್ಲಿನಂಥ ಮನುಷ್ಯ ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತ.

ಆದರೆ ಮಾಷ್ಟ್ರ ವಿಷಯ ಯಾರಿಗೂ ಹೇಳಲಿಲ್ಲ. ಹೇಳಬೇಕೆಂದು ಹೊರಟಾಗಲೆಲ್ಲ ಕೊಡೆ ಹಿಡಿದು ಜಗಲಿ ಹತ್ತಿದ ಆ ಮನುಷ್ಯ ಕಣ್ಣಿಗೆ ಬರುತ್ತಿದ್ದರು. ನಂಬಿದ ಇಬ್ಬರಲ್ಲಿ ಒಬ್ಬರನ್ನು ಬೀದಿಗೆ ತರಲು ಅವನಿಗೆ ಮನಸ್ಸು ಬರಲಿಲ್ಲ.

ಬೀದಿಗೆ ಬಂದದ್ದು ಹಕೀಮ. ಬಸ್ಸಿನ ಕಂಡಕ್ಟರ್ ಆ ದಿನವೇ ಊರೆಲ್ಲ ಹೇಳಿದ್ದ, ಸಂಶಯದ ನೋಣಯ್ಯ ಹಕೀಮನ ಅಂಗಿ ಬಿಚ್ಚಿಸಿ ನೋಡುತ್ತಿದ್ದ ಎಂದು. ಆಗ ಜನ ನಕ್ಕಿದ್ದರು. ತಿಂಗಳು ಕಳೆಯುವುದರೊಳಗೆ ದುಬೈಯಿಂದ ರಜೆಯಲ್ಲಿ ಬಂದವನೊಬ್ಬ ಸುದ್ದಿ ತಂದ. ಹಕೀಮನಿಗೆ ಅಲ್ಲಿ ಅಮ್ಮ ಬಿದ್ದಿತ್ತು, ಅವನಿಂದ ಕೋಣೆಯಲ್ಲಿದ್ದವರಿಗೂ ಹತ್ತಿತ್ತು. ಆಗ ಯಾರೂ ನಗಲಿಲ್ಲ. "ನೋಣಯ್ಯನ ಮೂಗು ಅಂದ್ರೆ ಮೂಗು ಮಾರಾಯ! ಅವತ್ತೇ ಹಿಡಿದಿದ್ದ" ಎಂದು ಸ್ಟ್ಯಾಂಡಿನಲ್ಲಿ ಬೆನ್ನು ತಟ್ಟಿದರು. ಹುಟ್ಟಿದ ಮೇಲೆ ಮೊದಲ ಸಲ ಅವನ ಸಂಶಯವನ್ನು ಜನ ಹೊಗಳಿದರು. "ಅವನಿಗೆ ಏನೂ ಇರ್ಲಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ನೋಣಯ್ಯ ಹೇಳಿದರೆ, ಪಾಪ, ಬಾಡಿಗೆಯವನ ಮಾನ ಕಾಪಾಡುತ್ತಾನೆ ಎಂದು ಕಣ್ಣು ಮಿಟುಕಿಸಿದರು.

ಒಂದು ಮಧ್ಯಾಹ್ನ ಉಮ್ಮರ್ ಬಂದ. ಫರಂಗಿಪೇಟೆಯಲ್ಲಿ ಅವನದೊಂದು ಸಣ್ಣ ಚಾದಂಗಡಿ.

"ನಿಜ ಹೇಳಿ ನೋಣಯ್ಯಣ್ಣ. ಅಣ್ಣನ ಮೈಮೇಲೆ ಇತ್ತಾ?"

"ಇರ್ಲಿಲ್ಲ ಉಮ್ಮರ್. ದೇವರಾಣೆ."

"ಮತ್ತೆ ಎಲ್ಲಿಂದ ಬಂತು? ಮನೆಯಲ್ಲೇ ಇತ್ತು, ಅತ್ತಿಗೆ ಮುಚ್ಚಿಟ್ಟು ಕಳಿಸಿದ್ದು ಅಂತಾರೆ. ನನ್ನ ಅಂಗಡಿಯ ಗ್ಲಾಸು ಯಾರೂ ಮುಟ್ಟುವುದಿಲ್ಲ. ಆಸ್ಯಮ್ಮ ಮೀಯಿಸ್ಲಿಕ್ಕೆ ಬರುವುದು ನಿಲ್ಲಿಸಿದ್ರು. ಮಗುವಿನ ನಲವತ್ತನೇ ದಿನಕ್ಕೆ ಮಾಡಿದ ಅಡುಗೆ ಹಾಗೇ ಉಳೀತು, ಒಂದು ಹೆಂಗಸು ಬರ್ಲಿಲ್ಲ. ನಿಮಗೆ ಏನಾದ್ರೂ ಗೊತ್ತಿದ್ರೆ ಹೇಳಿ."

"ನನಗೆ ಗೊತ್ತಿಲ್ಲ" ಎಂದ ನೋಣಯ್ಯ.

ಉಮ್ಮರ್ ಹೋಗಲಿಲ್ಲ. ನೋಣಯ್ಯನ ಮುಖವನ್ನೇ ನೋಡುತ್ತ ನಿಂತ. ಅವನ ನೋಟ ನೋಣಯ್ಯನಿಗೆ ಚೆನ್ನಾಗಿ ಪರಿಚಯದ್ದು, ಅದು ತನ್ನದೇ ಸಂಶಯದ ನೋಟ. ನೋಣಯ್ಯ ತಲೆ ತಗ್ಗಿಸಿ ಕಾರಿನ ಗಾಜು ಒರೆಸತೊಡಗಿದ.

ಮಳೆ ಹಿಡಿದ ಮೇಲೆ ಮಾಷ್ಟ್ರು ಬೊಂಬಾಯಿಯಿಂದ ಬಂದರು. ಒಂದು ಸಂಜೆ ಕೊಡೆ ಹಿಡಿದು ನೋಣಯ್ಯನ ಗೇಟಿನ ಹೊರಗೆ ನಿಂತರು. ಮೈ ಅರ್ಧಕ್ಕೆ ಇಳಿದಿತ್ತು, ಮುಖದ ತುಂಬ ಕಪ್ಪು ಕಲೆ. ನೋಣಯ್ಯ ಅಂಗಳಕ್ಕೆ ಇಳಿದ. ಬನ್ನಿ ಎನ್ನಲಿಲ್ಲ.

"ಕಾಂತಿ ಹೇಗೆ ಉಂಟು ನೋಣಯ್ಯ?"

"ಒಳ್ಳೆದುಂಟು."

"ದೇವರು ದೊಡ್ಡವನು. ಅದೊಂದೇ ಭಯ ಇತ್ತು ನನಗೆ." ಕೊಡೆಯನ್ನು ಇನ್ನೊಂದು ಕೈಗೆ ಬದಲಿಸಿದರು. "ನಿನಗೆ ಗೊತ್ತಾಗಿದೆ, ಅಲ್ಲವಾ? ಶಾಲು ನಿನ್ನ ಕಾರಿನಲ್ಲೇ ಉಳಿಯಿತು. ಮೂರೇ ಗುಳ್ಳೆ ಇತ್ತು ಅವತ್ತು ಬೆಳಿಗ್ಗೆ. ಒಬ್ಬನೇ ಮಗ. ಅವನ ಧಾರೆ ನಾನು ನೋಡದೆ ಇರುವುದು ಹೇಗೆ ಅಂತ ಅನಿಸಿತು. ಕಡೆಗೂ ನೋಡಲಿಲ್ಲ. ಅಲ್ಲಿ ಇಳಿಯುವಾಗಲೇ ಮುಖಕ್ಕೆ ಬಂದಿತ್ತು. ಮಗ ಒಂದು ಕೋಣೆಗೆ ಹಾಕಿ ಬಾಗಿಲು ಎಳೆದ. ವಾಲಗ ಕೇಳಿಸ್ತಿತ್ತು, ಅಷ್ಟೆ."

ನೋಣಯ್ಯನಿಗೆ ಅಯ್ಯೋ ಅನ್ನಿಸಿತು, ಸಿಟ್ಟೂ ಉಕ್ಕಿತು. "ಕಾಂತಿಯ ವಿಷಯ ಕೇಳಿದ್ರಿ ಮಾಷ್ಟ್ರೇ. ಹಕೀಮನ ವಿಷಯ ಕೇಳ್ಲಿಲ್ಲ."

ಮಾಷ್ಟ್ರು ಗೇಟಿನ ಕಂಬ ಹಿಡಿದುಕೊಂಡರು. "ಅವನು ನನ್ನ ಪಕ್ಕದಲ್ಲೇ ಕುಳಿತಿದ್ದ. ಅವನೇ ಬೆಲ್ಟು ಕಟ್ಟಿದ. ಬೊಂಬಾಯಿಯವರೆಗೆ ಮಗುವಿನ ವಿಷಯವೇ ಮಾತಾಡಿದ. ಬೇರೆ ಸೀಟಿಗೆ ಹೋಗು ಅಂತ ಹೇಳುವ ಅಂತ ಎಷ್ಟೋ ಸಲ ಅನಿಸಿತು. ಹೇಳಿದರೆ ಯಾಕೆ ಅಂತ ಕೇಳುತ್ತಿದ್ದ."

"ಆ ಮಗುವನ್ನು ಈಗ ಯಾರೂ ಮುಟ್ಟುವುದಿಲ್ಲ" ಎಂದು ನೋಣಯ್ಯ ಎಲ್ಲ ಹೇಳಿದ. ಹೇಳಿ ಮುಗಿಸಿ, "ಹೊರಡಿ, ಫರಂಗಿಪೇಟೆಗೆ ಹೋಗುವ" ಎಂದ.

ಕಾರಿನ ಬಳಿ ಬಂದು ಬಾಗಿಲಿನ ಹಿಡಿ ಹಿಡಿದುಕೊಂಡ, ತೆರೆಯಲಿಲ್ಲ. ಮಾಷ್ಟ್ರಿಗೆ ತಿಳಿಯಿತು. ಅವರೇ ಕೊರಳಿನ ಗುಂಡಿ ಬಿಚ್ಚಿ ಕತ್ತು ಎತ್ತಿ ನಿಂತರು. ಕಲೆಗಳೆಲ್ಲ ಒಣಗಿದ್ದವು. ನೋಣಯ್ಯ ಚೆನ್ನಾಗಿ ನೋಡಿ, ಬಾಗಿಲು ತೆರೆದ.

ಹಕೀಮನ ಮನೆಯ ಅಂಗಳದಲ್ಲಿ ಮಾಷ್ಟ್ರು ಮಳೆಯಲ್ಲೇ ನಿಂತರು. ಜುಲೈಕಾ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. ಉಮ್ಮರ್ ನೆರೆಯವರನ್ನು ಕರೆದ. ಆಸ್ಯಮ್ಮ ಬಂದರು, ಕಂಡಕ್ಟರನೂ ಬಂದ. ಮಾಷ್ಟ್ರು ಶಾಲೆಯಲ್ಲಿ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಹಕೀಮನಿಗೆ ರೋಗ ಇರಲಿಲ್ಲ. ಇದ್ದದ್ದು ನನಗೆ. ಗೊತ್ತಿದ್ದೂ ವಿಮಾನ ಹತ್ತಿದೆ. ಅವನಿಗೆ ನನ್ನಿಂದ ಬಂತು." ಹೇಳಿ ಕೈಮುಗಿದರು. ಕಂಡಕ್ಟರ್ ಜನರ ಹಿಂದೆ ಸರಿದ. ಆಸ್ಯಮ್ಮ ಕಣ್ಣೊರೆಸಿಕೊಂಡು ಜಗಲಿ ಹತ್ತಿದರು. ಜುಲೈಕಾ ಅಳುತ್ತಲೇ, "ಮಳೆಯಲ್ಲಿ ನಿಲ್ಬೇಡಿ ಮಾಷ್ಟ್ರೇ, ಮೇಲೆ ಬನ್ನಿ" ಎಂದಳು.

ಮಾಷ್ಟ್ರು ಜಗಲಿಯಲ್ಲಿ ಕೂತರು. ನೋಣಯ್ಯನಿಗೆ ತಲೆಯ ಮೇಲಿನ ಹೊರೆ ಇಳಿದ ಹಾಗಾಯಿತು. ಅವನೂ ಮೆಟ್ಟಿಲ ಮೇಲೆ ಕಾಲಿಟ್ಟ. ಆಗ ಆಸ್ಯಮ್ಮ ತಿರುಗಿ ಕೇಳಿದರು.

"ನಿನಗೆ ಯಾವಾಗ ಗೊತ್ತಾದ್ದು ನೋಣಯ್ಯ?"

ಸುಳ್ಳು ಹೇಳಬಹುದಿತ್ತು, ಈಗಷ್ಟೇ ಎನ್ನಬಹುದಿತ್ತು. ಎದುರಿನಿಂದ ಉಮ್ಮರ್ ನೋಡುತ್ತಿದ್ದ.

"ಅದೇ ದಿನ" ಎಂದ ನೋಣಯ್ಯ. "ಗುರುಪುರದಲ್ಲಿ."

ಜುಲೈಕಾಳ ಅಳು ನಿಂತಿತು. ನೋಣಯ್ಯ ಮಗುವಿನ ಮುಖ ನೋಡಲೆಂದು ಇನ್ನೊಂದು ಮೆಟ್ಟಿಲು ಹತ್ತಿದ. ಅವಳು ತಲೆವಸ್ತ್ರದ ತುದಿ ಎಳೆದು ಮಗುವನ್ನು ಮುಚ್ಚಿದಳು.

"ಅಲ್ಲಿಯೇ ನಿಲ್ಲಿ ಅಣ್ಣ."

ನೋಣಯ್ಯ ಅಲ್ಲಿಯೇ ನಿಂತ.